ತೋಟದಲ್ಲಿ ಕಂಡ ಹಕ್ಕಿ, ಕಪ್ಪೆ ವಿಜ್ಞಾನಿಗಳ ನಕ್ಷೆಗೆ ಸೇರಬೇಕಾದರೆ

ಮೂಡಿಗೆರೆ, ಸಕಲೇಶಪುರ ಕಡೆ ಕಾಫಿ ತೋಟ ಇರುವವರ ಫೋನಿನಲ್ಲಿ ಹಕ್ಕಿ, ಹಾವು, ಕಪ್ಪೆ ಫೋಟೋಗಳಿಗೆ ಬರ ಇಲ್ಲ. ಅವೆಲ್ಲ ವಾಟ್ಸಾಪ್ ಗ್ರೂಪಿಗೆ ಹೋಗುತ್ತವೆ, ನಾಲ್ಕು ಜನ ಕೈಮುಗಿಯುತ್ತಾರೆ, ಅಲ್ಲಿಗೆ ಮುಗಿಯಿತು. ಯಾವ ಜೀವಿ ಎಲ್ಲೆಲ್ಲಿ ಉಳಿದಿದೆ ಅಂತ ಹುಡುಕುವ ವಿಜ್ಞಾನಿಗೆ ಇವೇ ಬೇಕು. ಫೋಟೋ ಸ್ವಲ್ಪ ಮಸುಕಾಗಿದ್ದರೂ ನಡೆಯುತ್ತೆ, ಜಾಗ ಮತ್ತು ತಾರೀಕು ತಪ್ಪಿರಬಾರದು.

ಜಾಗಕ್ಕೆ ಯಾಕಿಷ್ಟು ಒತ್ತು ಅಂದರೆ, ಅವರ ಲೆಕ್ಕವೇ ಹಾಗಿದೆ. ಒಂದು ಜೀವಿ ಕಂಡ ಕಡೆಯೆಲ್ಲ ನಕ್ಷೆಯಲ್ಲಿ ಚುಕ್ಕೆ ಹಾಕುತ್ತಾರೆ. ಆ ಚುಕ್ಕೆ ಇರುವ ಕಡೆ ಮಳೆ ಎಷ್ಟು, ಸೆಕೆ ಎಷ್ಟು, ಎತ್ತರ ಎಷ್ಟು ಅಂತ ನೋಡುತ್ತಾರೆ. ಮ್ಯಾಕ್ಸೆಂಟ್‌ನಂಥ ಸಾಫ್ಟ್‌ವೇರ್ ಅದೇ ಥರದ ಹವೆ ಇನ್ನೆಲ್ಲಿದೆ ಅಂತ ಹುಡುಕಿ, ಈ ಜೀವಿ ಅಲ್ಲೂ ಇರಬಹುದು ಅನ್ನುತ್ತದೆ. ಎಷ್ಟೋ ಸಲ ಈ ಲೆಕ್ಕ ಸುಮಾರು 1 ಕಿಲೋಮೀಟರ್ ಚೌಕಗಳಲ್ಲಿ ನಡೆಯುತ್ತದೆ. ಈಗ ಯೋಚಿಸಿ: ಘಟ್ಟದ ಅಂಚಿನ ಕೊಟ್ಟಿಗೆಹಾರದ ಮಳೆಗೂ ಚಿಕ್ಕಮಗಳೂರು ಪೇಟೆಯ ಮಳೆಗೂ ಹೋಲಿಕೆ ಉಂಟಾ? ಚಾರ್ಮಾಡಿ ಹಳ್ಳದ ಕಪ್ಪೆಗೆ ಬರೀ ‘ಚಿಕ್ಕಮಗಳೂರು’ ಅಂತ ಬರೆದು ಪಿನ್ ಪೇಟೆ ನಡುವೆ ಬಿದ್ದರೆ, ಆ ಕಪ್ಪೆ ಒಣ ಸೀಮೆಯಲ್ಲೂ ಬದುಕುತ್ತೆ ಅಂತ ನಕ್ಷೆ ಹೇಳಿಬಿಡುತ್ತದೆ.

ಹಾಗಾಗಿ ಮೊದಲು ಕ್ಯಾಮೆರಾ ಸೆಟ್ಟಿಂಗ್‌ನಲ್ಲಿ ಲೊಕೇಶನ್ ಆನ್ ಮಾಡಿ. ದಟ್ಟ ಮರದಡಿ ಜಿಪಿಎಸ್ ದಾರಿ ತಪ್ಪುತ್ತೆ, ಸ್ವಲ್ಪ ಬಯಲಿಗೆ ಬಂದು ಪಿನ್ ಸರಿಯಾಗಿದೆಯಾ ನೋಡಿ. ಅಕ್ಷಾಂಶ, ರೇಖಾಂಶ ಕೈಯಲ್ಲೇ ಬರೆಯುವುದಾದರೆ ಬಿಂದುವಿನ ನಂತರ ನಾಲ್ಕು ಅಂಕಿ ಇರಲಿ. ಎರಡೇ ಅಂಕಿ ಬರೆದರೆ ಜಾಗ ನೂರಾರು ಮೀಟರ್ ಆಚೀಚೆ ಆಗುತ್ತೆ. ಇನ್ನೊಂದು, ವಾಟ್ಸಾಪ್‌ನಲ್ಲಿ ಫೋಟೋ ಅಂತ ಕಳಿಸಿದ ಚಿತ್ರದೊಳಗೆ ಜಾಗದ ಮಾಹಿತಿ ಉಳಿಯುವುದಿಲ್ಲ. ಫೋನಿನ ಮೂಲ ಫೋಟೋವನ್ನೇ ಹಾಕಿ.

ಹಾಕುವುದೆಲ್ಲಿ? ಗಿಡ, ಕೀಟ, ಕಪ್ಪೆಗೆಲ್ಲ ಐನ್ಯಾಚುರಲಿಸ್ಟ್ ಅನ್ನೋ ಆ್ಯಪ್, ಹಕ್ಕಿಗೆ ಇಬರ್ಡ್ ಅನ್ನೋ ಆ್ಯಪ್. ಐನ್ಯಾಚುರಲಿಸ್ಟ್‌ನಲ್ಲಿ ಹೆಸರು ಗೊತ್ತಿಲ್ಲದಿದ್ದರೆ ಸುಮ್ನೆ ‘ಕಪ್ಪೆ’ ಅಂತಷ್ಟೇ ಹಾಕಿ, ಆ್ಯಪ್ ಹೇಳಿದ ಹೆಸರನ್ನು ಕಣ್ಣುಮುಚ್ಚಿ ಒತ್ತಬೇಡಿ. ಗೊತ್ತಿರುವವರು ನೋಡಿ ಹೆಸರು ಹೇಳುತ್ತಾರೆ. ಕನಿಷ್ಠ ಇಬ್ಬರ ಹೆಸರು ಒಂದೇ ಆಗಿ, ಮೂರರಲ್ಲಿ ಎರಡು ಪಾಲಿಗಿಂತ ಜಾಸ್ತಿ ಜನ ಒಪ್ಪಿದರೆ ಅದು ಸಂಶೋಧನೆಗೆ ಯೋಗ್ಯ ದಾಖಲೆ ಅನ್ನಿಸಿಕೊಳ್ಳುತ್ತದೆ. ನೀವು ನೆಟ್ಟ ಸಿಲ್ವರ್ ಓಕ್ ಫೋಟೋ ಹಾಕಿದರೆ ನೆಟ್ಟಿದ್ದು ಅಂತ ಗುರುತು ಮಾಡಿ, ಇಲ್ಲದಿದ್ದರೆ ತಾನಾಗಿ ಬೆಳೆದ ಮರ ಅಂದುಕೊಳ್ಳುತ್ತಾರೆ.

ಮಳೆಗಾಲದ ಪುಟ್ಟ ಮರಗಪ್ಪೆಗಳು ನೋಡೋಕೆ ಒಂದೇ ಥರ. ಅವುಗಳ ಕೂಗು ರೆಕಾರ್ಡ್ ಮಾಡಿ, ಫೋಟೋಗಿಂತ ಎಷ್ಟೋ ಸಲ ಅದೇ ಉಪಯೋಗಕ್ಕೆ ಬರುತ್ತೆ. ಹಿಡಿಯಲು ಹೋಗಬೇಡಿ. ಅಂದಹಾಗೆ ನೀರ್ ದೋಸೆಗೆ ಹೆಸರಾದ ಕೊಟ್ಟಿಗೆಹಾರದ ಹೆಸರನ್ನೇ ಹೊತ್ತ ಕಪ್ಪೆಯೊಂದಿದೆ, ಮೈಕ್ರಿಕ್ಸಾಲಸ್ ಕೊಟ್ಟಿಗೆಹಾರೆನ್ಸಿಸ್. ಸಿ. ಆರ್. ನಾರಾಯಣ ರಾವ್ 1937ರಲ್ಲಿ ಅದನ್ನು ವಿವರಿಸಿದರು. ಕುಣಿಯುವ ಕಪ್ಪೆಗಳ ಗುಂಪಿನದು, ಗಂಡು ಹಿಂಗಾಲು ಚಾಚಿ ಬೀಸುತ್ತದೆ. ಹಳ್ಳದ ಕಲ್ಲಿನ ಮೇಲೆ ಅಂಥದ್ದು ಕಂಡರೆ ದೂರದಿಂದಲೇ ವಿಡಿಯೋ ಮಾಡಿ.

ಎಲ್ಲರೂ ಮಾಡುವುದೇನು ಅಂದರೆ, ಮಂಗಟ್ಟೆ ಕಂಡರೆ ಹಾಕುತ್ತಾರೆ, ದಿನಾ ಕಾಣುವ ಪಿಕಳಾರವನ್ನು ಬಿಡುತ್ತಾರೆ. ಪ್ರವಾಸಿಗರು ಹೋಗುವ ರಸ್ತೆ ಪಕ್ಕ ಚುಕ್ಕೆಗಳು ಜಾಸ್ತಿ, ಒಳಗಿನ ತೋಟಗಳು ಖಾಲಿ. ಆಗ ಹಕ್ಕಿಗಳೆಲ್ಲ ರಸ್ತೆ ಬದಿಯಲ್ಲೇ ಸಂಸಾರ ಮಾಡುತ್ತವೆ ಅನ್ನೋ ಹಾಗೆ ನಕ್ಷೆ ಬರುತ್ತೆ, ಅಲ್ವಾ? ಇದಕ್ಕೆ ನನಗೆ ತುಂಬ ಇಷ್ಟವಾದ ದಾರಿ ಇಬರ್ಡ್‌ನ ಪೂರ್ತಿ ಪಟ್ಟಿ. ಬೆಳಗ್ಗೆ ಕಾಫಿ ಕಣದ ಹತ್ತಿರ 15 ನಿಮಿಷ ನಿಂತು, ಗುರುತು ಸಿಕ್ಕ ಹಕ್ಕಿಗಳನ್ನೆಲ್ಲ, ಕಾಗೆ ಮೈನಾ ಸಹಿತ, ಎಷ್ಟೆಷ್ಟು ಅಂತ ಬರೆದು, ಕೊನೆಗೆ ಕಂಡದ್ದನ್ನೆಲ್ಲ ಬರೆದಿದ್ದೀರಾ ಅನ್ನುವ ಪ್ರಶ್ನೆಗೆ ಹೌದು ಒತ್ತಿ. ಆಗ ಪಟ್ಟಿಯಲ್ಲಿ ಇಲ್ಲದ ಹಕ್ಕಿ ಅಲ್ಲಿ ಕಾಣಲಿಲ್ಲ ಅನ್ನುವುದೂ ಲೆಕ್ಕಕ್ಕೆ ಬರುತ್ತದೆ. ಅದೇ ಜಾಗದಲ್ಲಿ ತಿಂಗಳಿಗೊಮ್ಮೆ ಮಾಡಿ, ಮರಗಸಿಗೆ (ನೆರಳು ಮರದ ಕೊಂಬೆ ಕಡಿಯುವುದಕ್ಕೆ) ಮುಂಚೆ ಮತ್ತು ಆಮೇಲೆ ತಪ್ಪಿಸಬೇಡಿ. ನೆರಳು ಕಡಿದರೆ ಯಾರು ಬಿಟ್ಟು ಹೋಗುತ್ತಾರೆ, ಯಾರು ಹೊಸದಾಗಿ ಬರುತ್ತಾರೆ ಅನ್ನುವುದು ತೋಟದವರು ಬರೆದಿಟ್ಟರೆ ಮಾತ್ರ ಸಿಗುವ ಮಾಹಿತಿ. (ಸಕಲೇಶಪುರ, ಆಲೂರು ಕಡೆಯವರು ಆನೆ ಎಲ್ಲಿದೆ ಅಂತ ಕೇಳಿಕೊಂಡೇ ಹೊರಡಿ.)

ಒಂದು ಕಡೆ ಮಾತ್ರ ಜಾಗವನ್ನು ಮುಚ್ಚಿಡಬೇಕು. ಮಂಗಟ್ಟೆ ಗೂಡಿನ ಪೊಟರೆ, ಅಪರೂಪದ ಸೀತಾಳೆ ಗಿಡ, ಇಂಥವುಗಳ ಪಿನ್ ಬಹಿರಂಗ ಮಾಡಿದರೆ ಕ್ಯಾಮೆರಾ ಹಿಡಿದವರೂ ಕಳ್ಳರೂ ಒಟ್ಟಿಗೆ ಬರುತ್ತಾರೆ. ಅಪಾಯದಲ್ಲಿರುವ ಎಷ್ಟೋ ಜೀವಿಗಳ ಜಾಗವನ್ನು ಐನ್ಯಾಚುರಲಿಸ್ಟ್ ತಾನೇ ಮಸುಕು ಮಾಡುತ್ತದೆ, ಉಳಿದವಕ್ಕೆ ಆ ಆಯ್ಕೆಯನ್ನು ನೀವೇ ಒತ್ತಬೇಕು. ಸಂಶೋಧಕರು ಕೇಳಿದರೆ, ನಿಮಗೆ ನಂಬಿಕೆ ಬಂದರೆ, ಸರಿಯಾದ ಜಾಗ ಆಮೇಲೆ ಕೊಡಬಹುದು.

ಭದ್ರಾ, ಕುದುರೆಮುಖದ ಕಾಡೊಳಗೆ ಅನುಮತಿ ಇಲ್ಲದೆ ನುಗ್ಗಬೇಡಿ. ನಿಮ್ಮ ಪಟ್ಟಿಯ ಒಂದು ಪ್ರತಿಯನ್ನು ಗ್ರಾಮ ಪಂಚಾಯ್ತಿಗೂ ಕೊಡಿ: 2002ರ ಜೀವವೈವಿಧ್ಯ ಕಾಯ್ದೆಯಂತೆ ಅಲ್ಲೊಂದು ಸಮಿತಿ, ಊರಿನ ಜೀವಿಗಳ ದಾಖಲೆ ಪುಸ್ತಕ ಇರಬೇಕು. ಕೊಡುವಾಗ ಆ ಪುಸ್ತಕ ತೋರಿಸಿ ಅಂತ ಕೇಳಿ.