ಹಾಲಿಲ್ಲ, ಗೋಧಿಯಿಲ್ಲ: ಬೊಂಡದ ಜೆಲ್ಲಿ ಮೇಲೆ ಮಾವಿನ ರಸಾಯನ

ಮೇ ರಜೆಗೆ ಮಂಗಳೂರಿಗೆ ಬಂದ ನೆಂಟರನ್ನು ಐಸ್‌ಕ್ರೀಂ ತಿನ್ನಿಸದೆ ಕಳಿಸುವ ಕ್ರಮ ನಮ್ಮ ಮನೆಯಲ್ಲಿಲ್ಲ. ಎಲ್ಲರ ಮುಂದೆ ಎತ್ತರದ ಗ್ಲಾಸಿನಲ್ಲಿ ಪದರ ಪದರವಾಗಿ ಬರುವ ಗಡ್‌ಬಡ್ ಐಸ್‌ಕ್ರೀಂ, ಅಕ್ಕನ ಮಗಳ ಮುಂದೆ ಮಾತ್ರ ಲಿಂಬೆ ಸೋಡ. ಅವಳಿಗೆ ಹಾಲು ಆಗುವುದಿಲ್ಲ. ಹೋದ ವರ್ಷ ಒಂದು ಅಂಗಡಿಯಲ್ಲಿ ‘ಇದಕ್ಕೆ ಹಾಲು ಹಾಕಿಲ್ಲ’ ಎಂದು ಕೊಟ್ಟದ್ದನ್ನು ಕುಡಿದು ರಾತ್ರಿಯಿಡೀ ಹೊಟ್ಟೆ ಹಿಡಿದುಕೊಂಡು ಕೂತಿದ್ದಳು. ಈ ಸಲ ಮನೆಯಲ್ಲೇ ಮಾಡೋಣ ಅಂತ ನಾನು ಬಾದಾಮಿ ಹಾಲಿನ ರೇಟು ನೋಡುತ್ತಿದ್ದೆ. ಅತ್ತೆ ಕೇಳಿದರು, “ಅಲ್ಲ ಮಾರಾಯ್ತಿ, ರಸಾಯನಕ್ಕೆ ದನದ ಹಾಲು ಯಾರು ಹಾಕ್ತಾರೆ?”

ಹೌದಲ್ವಾ! ಕಾಯಿಹಾಲು, ಬೆಲ್ಲ, ಹಣ್ಣು, ಅಷ್ಟೇ. ಗೋಧಿ, ಮೊಟ್ಟೆ, ಗೋಡಂಬಿ ಯಾವುದೂ ಇಲ್ಲ. ಅಡಿಯಲ್ಲಿ ಬೊಂಡದ, ಅಂದರೆ ಎಳನೀರಿನ, ಜೆಲ್ಲಿ ಇಟ್ಟರೆ ಗಡ್‌ಬಡ್ ಗ್ಲಾಸಿನ ಗತ್ತೂ ಬರುತ್ತದೆ. ಓವನ್ ಬೇಡ. ಒಲೆ ಹತ್ತು ನಿಮಿಷ ಸಾಕು.

ಆರು ಗ್ಲಾಸಿಗೆ ಲೆಕ್ಕ ಹೇಳುತ್ತೇನೆ. ಎರಡು ಬೊಂಡ, ತೆಳು ಗಂಜಿ (ಒಳಗಿನ ಎಳೆ ತಿರುಳು) ಇರುವಂಥದ್ದು. ಜೆಲ್ಲಿ ಗಟ್ಟಿಯಾಗಲು 5 ಗ್ರಾಂ ಚೈನಾ ಗ್ರಾಸ್, ಒಂದು ತೆಂಗಿನಕಾಯಿ, 150 ಗ್ರಾಂ ಬೆಲ್ಲ, ಎರಡು ಮಾವಿನ ಹಣ್ಣು, ಏಲಕ್ಕಿ, ಚಿಟಿಕೆ ಉಪ್ಪು. ಮುಂಡಪ್ಪ ಮಾವು ಸಿಕ್ಕಿದರೆ ಬೇರೆ ಹುಡುಕಬೇಡಿ.

ಮೊದಲು ಜೆಲ್ಲಿ. ಚೈನಾ ಗ್ರಾಸನ್ನು ಕತ್ತರಿಸಿ ಅರ್ಧ ಲೋಟ ನೀರಿನಲ್ಲಿ ಇಪ್ಪತ್ತು ನಿಮಿಷ ನೆನೆಹಾಕಿ, ಅದೇ ನೀರಿನಲ್ಲಿ ಕುದಿಸಿ. ಒಂದು ಎಳೆಯೂ ಕಾಣಬಾರದು. ಅರ್ಧಂಬರ್ಧ ಕರಗಿದರೆ ಜೆಲ್ಲಿ ಗಟ್ಟಿಯಾಗುವುದಿಲ್ಲ. ಒಲೆ ಆರಿಸಿ, ಸುಮಾರು ಎರಡು ಲೋಟ ಬೊಂಡದ ನೀರನ್ನು ನಿಧಾನ ಸೇರಿಸಿ, ಗಂಜಿಯ ಚೂರು ಹಾಕಿ ಗ್ಲಾಸುಗಳಿಗೆ ಸುರಿಯಿರಿ. ಬೊಂಡ ಫ್ರಿಜ್ಜಿನಿಂದ ಆಗಷ್ಟೇ ತೆಗೆದದ್ದಾಗಿರಬಾರದು. ನಾನು ಮೊದಲ ಸಲ ತಣ್ಣಗಿನ ನೀರು ಸುರಿದೆ, ಪಾತ್ರೆಯಲ್ಲೇ ಗಂಟುಗಂಟಾಯಿತು. ಹೆದರಬೇಡಿ, ಮತ್ತೆ ಬಿಸಿ ಮಾಡಿದರೆ ಕರಗುತ್ತದೆ. ಬೊಂಡದ ಪರಿಮಳ ಮಾತ್ರ ಸ್ವಲ್ಪ ಹೋಗುತ್ತದೆ.

ಜೆಲಟಿನ್ ಯಾಕಲ್ಲ? ಅದು ಪ್ರಾಣಿಯ ಚರ್ಮ, ಮೂಳೆಯಿಂದ ಬರುವಂಥದ್ದು. ಮೇಲಾಗಿ ನಮ್ಮ ಸೆಕೆಗೆ 35 ಡಿಗ್ರಿಯ ಹತ್ತಿರ ಬಂದರೆ ಕರಗಿಯೇಬಿಡುತ್ತದೆ. ಚೈನಾ ಗ್ರಾಸ್ ಕಡಲ ಪಾಚಿಯದ್ದು. ಒಮ್ಮೆ ಗಟ್ಟಿಯಾದರೆ ಸುಮಾರು 85 ಡಿಗ್ರಿಯವರೆಗೆ ಕರಗುವುದಿಲ್ಲ. ಮೇಜಿನ ಮೇಲೆ ಗಂಟೆಗಟ್ಟಲೆ ಇದ್ದರೂ ನಿಂತಲ್ಲೇ ನಿಂತಿರುತ್ತದೆ.

ರಸಾಯನಕ್ಕೆ ಬೆಲ್ಲವನ್ನು ಸ್ವಲ್ಪ ನೀರಿನಲ್ಲಿ ಕರಗಿಸಿ, ಸೋಸಿ, ಪೂರ್ತಿ ಆರಲು ಬಿಡಿ. ಬಿಸಿ ಪಾಕಕ್ಕೆ ಕಾಯಿಹಾಲು ಹಾಕಿದರೆ ಒಡೆಯುತ್ತದೆ. ತುರಿದ ಕಾಯಿಯನ್ನು ಅರ್ಧ ಲೋಟ ಉಗುರುಬೆಚ್ಚಗಿನ ನೀರು ಹಾಕಿ ರುಬ್ಬಿ ದಪ್ಪ ಹಾಲು ಹಿಂಡಿ. ಎರಡನೇ ಹಾಲು ಸಾರಿಗಾಯಿತು. ಪಾಕ, ಉಪ್ಪು, ಏಲಕ್ಕಿ, ಮಾವಿನ ಹೋಳು ಬೆರೆಸಿ, ಗಟ್ಟಿಯಾದ ಜೆಲ್ಲಿಯ ಮೇಲೆ ಸುರಿಯಿರಿ. ಕೆಲವರು ಹುರಿದ ಎಳ್ಳು ಹಾಕುತ್ತಾರೆ, ಚೆನ್ನಾಗಿರುತ್ತದೆ. ಆದರೆ ಎಳ್ಳೇ ಆಗದವರೂ ಇದ್ದಾರೆ, ಕೇಳಿ ಹಾಕಿ.

ಕಾಯಿಹಾಲಿನ ಪುಡಿ ತರುವವರು ಪ್ಯಾಕೆಟ್ಟಿನ ಹಿಂದೆ ಓದಿ. ಕೆಲವದರಲ್ಲಿ ‘ಸೋಡಿಯಂ ಕೇಸಿನೇಟ್’ ಇರುತ್ತದೆ, ಅದು ದನದ ಹಾಲಿನದ್ದೇ ಪ್ರೋಟೀನು. ಹಾಲು ಆಗದಿರುವುದರಲ್ಲೂ ಎರಡು ಬಗೆ. ಹಾಲಿನ ಸಕ್ಕರೆ ಜೀರ್ಣವಾಗದಿದ್ದರೆ ಹೊಟ್ಟೆ ಉಬ್ಬರ, ಭೇದಿ. ಪ್ರೋಟೀನಿನ ಅಲರ್ಜಿ ಬೇರೆ, ಅದಕ್ಕೆ ಚೂರು ತಾಗಿದರೂ ಅಪಾಯ. ಅಂಥವರಿದ್ದರೆ ಮಿಕ್ಸಿ ಜಾರನ್ನು ಚೆನ್ನಾಗಿ ತೊಳೆದೇ ಶುರು ಮಾಡಿ. ಹಣ್ಣಿನ ಸಕ್ಕರೆ ಆಗದವರಿಗೆ ಮಾವು ಒಳ್ಳೆಯದಲ್ಲ.

ಗೋಧಿ ಆಗದ ಭಾವನಿಗೆ ಫಲೂದಾ ಶಾವಿಗೆಯ ಆಸೆ ಇತ್ತು. ಬೆಳಗ್ಗಿನ ಅಕ್ಕಿಯ ಒತ್ತು ಶ್ಯಾವಿಗೆ ಒಂದು ಹಿಡಿ ಉಳಿದಿತ್ತು, ಅದನ್ನೇ ಜೆಲ್ಲಿಯ ಮೇಲೆ ಹರಡಿ ರಸಾಯನ ಸುರಿದೆ. ಈಗ ಅವರ ಗ್ಲಾಸಿಗೆ ಎಲ್ಲರ ಕಣ್ಣು.

ಫ್ರಿಜ್ಜಿನಲ್ಲಿ ಒಂದು ಗಂಟೆ ಇಡಿ. ಚಳಿಗೆ ತೆಂಗಿನ ಕೊಬ್ಬು ಹೆಪ್ಪುಗಟ್ಟಿ ತರಿತರಿಯಾಗುತ್ತದೆ, ಹಾಗಾಗಿ ಬಡಿಸುವ ಹತ್ತು ನಿಮಿಷ ಮೊದಲೇ ಹೊರಗೆ ತೆಗೆಯಿರಿ. ಜೆಲ್ಲಿ ಉಳಿದರೆ ಮರುದಿನಕ್ಕೂ ಆಗುತ್ತದೆ. ರಸಾಯನ ಉಳಿಸಬೇಡಿ, ಕಾಯಿಹಾಲು ಬೇಗ ಹುಳಿಯಾಗುತ್ತದೆ.