ದಾವಣಗೆರೆ ಬಿಸಿಲಲ್ಲಿ ಹವಳ ಸಾಕೋದು

ಮನೆಯಲ್ಲಿ ಹವಳ ಸಾಕುತ್ತೇನೆ ಅಂದ ತಕ್ಷಣ ಜನ ಕೇಳೋದು, ಉಪ್ಪುನೀರು ಎಲ್ಲಿಂದ ತರ್ತೀರಿ ಅಂತ. ತರೋದೇನಿಲ್ಲ. ಅಕ್ವೇರಿಯಂಗೆ ಅಂತಲೇ ಸಿಗುವ ಸಮುದ್ರದ ಉಪ್ಪನ್ನು ನೀರಿಗೆ ಕಲಸಿದರಾಯಿತು. ನಮ್ಮೂರಲ್ಲಿ ನಿಜವಾದ ತಲೆನೋವು ಏಪ್ರಿಲ್-ಮೇ ಬಿಸಿಲು.

ಹವಳ ಒಂದು ಪ್ರಾಣಿ. ಅದರ ಮೈಯೊಳಗೆ ಸಣ್ಣ ಪಾಚಿ ಇರುತ್ತದೆ. ಬೆಳಕಿನಲ್ಲಿ ಆಹಾರ ಮಾಡಿ ಹವಳಕ್ಕೂ ಕೊಡುತ್ತದೆ. ನೀರು ಜಾಸ್ತಿ ಕಾದರೆ ಹವಳ ಆ ಪಾಚಿಯನ್ನೇ ಹೊರಗೆ ಹಾಕಿ ಬೆಳ್ಳಗಾಗುತ್ತದೆ. ಹಾಗಾಗಿ ನಾನು ನೀರನ್ನು 25-26 ಡಿಗ್ರಿ ಆಸುಪಾಸಿನಲ್ಲಿ ಇಡುತ್ತೇನೆ. ನೀರು ತಂಪು ಮಾಡುವ ಚಿಲ್ಲರ್ ಮಷಿನ್ ಕೊಳ್ಳಲಿಲ್ಲ. ದುಬಾರಿ, ಕರೆಂಟ್ ತಿನ್ನುತ್ತದೆ, ಬಿಸಿಗಾಳಿಯನ್ನು ಅದೇ ಕೋಣೆಗೆ ಬಿಡುತ್ತದೆ. ಬೇಸಿಗೆಯಲ್ಲಿ ಟ್ಯಾಂಕನ್ನು ತಂಪಾದ ನಡುಮನೆಯಲ್ಲಿಟ್ಟು, ನೀರಿನ ಮೇಲೆ ಗಾಳಿ ಆಡುವಂತೆ ಸಣ್ಣ ಫ್ಯಾನ್ ಹಾಕುತ್ತೇನೆ. ನಮ್ಮದು ಒಣ ಬಿಸಿಲು ನೋಡಿ, ಎರಡು ಮೂರು ಡಿಗ್ರಿ ಆರಾಮಾಗಿ ಇಳಿಯುತ್ತದೆ. ಮಂಗಳೂರಿನ ಸೆಕೆಯಲ್ಲಿ ಇಷ್ಟು ಚೆನ್ನಾಗಿ ನಡೆಯಲ್ಲ. ವಿಪರೀತ ಬಿಸಿಲಿನ ದಿನ ಎಸಿ ಹಾಕಲೇಬೇಕು, ಬೇರೆ ದಾರಿಯಿಲ್ಲ.

ಆದರೆ ಫ್ಯಾನ್ ಹಾಕಿದರೆ ನೀರು ಆರಿ ಹೋಗುತ್ತದೆ, ಉಪ್ಪು ಮಾತ್ರ ಟ್ಯಾಂಕಲ್ಲೇ ಉಳಿಯುತ್ತದೆ. ಕಡಿಮೆಯಾದಷ್ಟನ್ನು ಉಪ್ಪುನೀರಿನಿಂದ ತುಂಬಿಸಿದರೆ ಉಪ್ಪು ಏರುತ್ತಲೇ ಹೋಗುತ್ತದೆ. ಸಿಹಿನೀರೇ ಹಾಕಬೇಕು. ಗಾಜಿನ ಮೇಲೆ ಮಾರ್ಕರ್‌ನಲ್ಲಿ ಒಂದು ಗೆರೆ ಎಳೆದಿದ್ದೇನೆ. ಬೆಳಿಗ್ಗೆ, ಸಂಜೆ ಆ ಗೆರೆವರೆಗೆ ತುಂಬಿಸುವುದೇ ಬೇಸಿಗೆಯ ದೊಡ್ಡ ಕೆಲಸ. ಉಪ್ಪಿನಂಶ ಅಳೆಯುವ ರಿಫ್ರಾಕ್ಟೋಮೀಟರ್‌ನಲ್ಲಿ ಸಾಪೇಕ್ಷ ಸಾಂದ್ರತೆ 1.025 ಬರಬೇಕು.

ಆ ಸಿಹಿನೀರು ಬೋರ್‌ನದ್ದಾಗಬಾರದು, ನಲ್ಲಿಯದ್ದೂ ಬೇಡ. ಅಡುಗೆಮನೆಯ ಆರ್‌ಒ ಕೂಡ ಸಾಲಲ್ಲ, ಎಷ್ಟೋ ಮಷಿನ್‌ಗಳು ರುಚಿಗೆ ಅಂತ ಒಂದಿಷ್ಟು ಲವಣ ಬಿಟ್ಟೇ ಬಿಡುತ್ತವೆ. ಆರ್‌ಒ ಆದಮೇಲೆ ಉಳಿದ ಲವಣವನ್ನೂ ಹಿಡಿಯುವ ಡಿಐ ಫಿಲ್ಟರ್ ದಾಟಿಸಿ, ನೀರಲ್ಲಿ ಕರಗಿದ ಲವಣ ಅಳೆಯುವ ಟಿಡಿಎಸ್ ಮೀಟರ್ ಸೊನ್ನೆ ತೋರಿಸಿದರೆ ಮಾತ್ರ ಬಳಸುತ್ತೇನೆ.

ಕರೆಂಟ್ ಹೋದಾಗ ಲೈಟ್ ಆರಿದರೆ ಏನೂ ಆಗಲ್ಲ. ನೀರು ಆಡದಿದ್ದರೆ ಆಮ್ಲಜನಕ ಕಡಿಮೆಯಾಗುತ್ತದೆ. ಇನ್ವರ್ಟರ್‌ಗೆ ಅಲೆ ಎಬ್ಬಿಸುವ ಪಂಪ್ ಕೊಟ್ಟರೆ ಸಾಕು.

ನಾನು ಸಾಕೋದು ಮೆತ್ತನೆ ಹವಳ ಮಾತ್ರ: ಮಶ್ರೂಮ್, ಜೋವಾಂಥಿಡ್, ಲೆದರ್. ಬಂಡೆ ಕಟ್ಟುವ ಗಟ್ಟಿ ಹವಳಗಳೆಲ್ಲ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಹುಲಿ ಇರುವ ಮೊದಲ ಪಟ್ಟಿಯಲ್ಲೇ ಇವೆ. ಅಗ್ಗಕ್ಕೆ ಸಿಕ್ಕಿತು ಅಂತ ಕೈ ಹಾಕಬೇಡಿ. ಮೆತ್ತನೆಯವಕ್ಕೆ ದಿನಾ ಕ್ಯಾಲ್ಸಿಯಂ ಹಾಕುವ ರಗಳೆಯೂ ಇಲ್ಲ. ವಾರಕ್ಕೊಮ್ಮೆ ಶೇ 10ರಷ್ಟು ನೀರು ಬದಲಿಸುತ್ತೇನೆ, ಅಷ್ಟೇ.

ಲೆದರ್ ಹವಳ ಮಾತ್ರ ಸುಮ್ನೆ ಹೆದರಿಸುತ್ತದೆ. ಇದ್ದಕ್ಕಿದ್ದಂತೆ ಎಳೆಗಳನ್ನೆಲ್ಲ ಒಳಗೆಳೆದುಕೊಂಡು ಮುದುಡುತ್ತದೆ. ಮೈಮೇಲೆ ಮೇಣದಂಥ ಹೊಳಪು ಪೊರೆ. ಪಕ್ಕದ ಮನೆಯವರು ನೋಡಿ, ‘ಇದು ಸತ್ತೋಗೇತಲ್ರೀ’ ಅಂದರು. ಸತ್ತಿರಲಿಲ್ಲ, ಪೊರೆ ಬಿಡುತ್ತಿತ್ತು. ಮೇಲೆ ಕೂತ ಪಾಚಿ, ಕೊಳೆಯನ್ನು ಅದು ಕಳಚಿಕೊಳ್ಳೋದೇ ಹಾಗೆ. ಆಗ ಮುಟ್ಟಬಾರದು, ಔಷಧ ಹಾಕಬಾರದು. ಪಂಪನ್ನು ಸ್ವಲ್ಪ ಅದರ ಕಡೆ ತಿರುಗಿಸಿದರೆ ಪೊರೆ ಚೂರುಚೂರಾಗಿ ಎದ್ದು ಹೋಗುತ್ತದೆ. ಕೆಲವು ದಿನ ಬಿಟ್ಟು ಎಳೆಗಳು ಮೊದಲಿಗಿಂತ ಉದ್ದವಾಗಿ ಹೊರಗೆ ಬಂದವು.

ಜೋವಾಂಥಿಡ್ ವಿಷಯದಲ್ಲಿ ಹುಷಾರು. ಕೆಲವು ಜಾತಿಗಳಲ್ಲಿ ಪಾಲಿಟಾಕ್ಸಿನ್ ಅನ್ನೋ ಕಡು ವಿಷ ಇರುತ್ತದೆ. ಕತ್ತರಿಸುವಾಗ ಗ್ಲೌಸ್, ಕನ್ನಡಕ ಎರಡೂ ಬೇಕು. ಅದು ಅಂಟಿದ ಕಲ್ಲನ್ನು ಯಾವತ್ತೂ ಬಿಸಿನೀರಲ್ಲಿ ಕುದಿಸಬೇಡಿ, ಆ ಹಬೆ ಕುಡಿದು ಆಸ್ಪತ್ರೆ ಸೇರಿದವರಿದ್ದಾರೆ. ಅದಕ್ಕೇ ನಮ್ಮ ಮನೆಯಲ್ಲಿ ಟ್ಯಾಂಕಿಗೆ ಕೈ ಹಾಕೋದು ನಾನೊಬ್ಬನೇ.