ತೆರೆಯದ ಐದನೇ ಕನ್ಸೋಲ್ ಲೈನ್: ನನ್ನ ಅನುಭವ

ನಮ್ಮ ಕಲಬುರಗಿ ಶಾಖೆಯ ಸ್ವಿಚ್ ಮತ್ತು ರೌಟರ್‌ಗಳ ಕನ್ಸೋಲ್ ಪೋರ್ಟ್‌ಗಳನ್ನು (ಕೇಬಲ್ ಮೂಲಕ ಸಾಧನವನ್ನು ನೇರವಾಗಿ ನಿಯಂತ್ರಿಸುವ ಕಿಂಡಿಗಳನ್ನು) 16 ಅಸಿಂಕ್ (ಸೀರಿಯಲ್) ಲೈನ್‌ಗಳಿರುವ ಹಳೆಯ ಸಿಸ್ಕೋ 2511 ರೌಟರ್‌ಗೆ ಜೋಡಿಸಿದ್ದೇವೆ. ಮುಖ್ಯ ಸಂಪರ್ಕ ಕಡಿದಾಗ, ಪ್ರತ್ಯೇಕ ಲಿಂಕ್ ಮೂಲಕ ಬೆಂಗಳೂರಿನಿಂದಲೇ ಅವುಗಳನ್ನು ಸರಿಪಡಿಸಲು ನಮಗಿರುವ ದಾರಿ ಇದೊಂದೇ.

ಕಳೆದ ವಾರ ಒಂದು ಸ್ವಿಚ್ ರೀಬೂಟ್ ಆದ ಮೇಲೆ ಅದರ ಲೈನಿಗೆ ಟೆಲ್ನೆಟ್ (ದೂರದಿಂದ ಆದೇಶ ಕೊಡುವ ಸಂಪರ್ಕ) ಮಾಡಿದಾಗಲೆಲ್ಲ ಸಂಪರ್ಕವನ್ನು ನಿರಾಕರಿಸಲಾಗಿದೆ ಎಂಬ ಉತ್ತರವೇ ಬರುತ್ತಿತ್ತು. ಲೈನ್ ಸಂಖ್ಯೆಗೆ 2000 ಕೂಡಿಸಿದರೆ ಟೆಲ್ನೆಟ್‌ಗೆ ಕೊಡಬೇಕಾದ ಪೋರ್ಟ್ ಸಂಖ್ಯೆ ಸಿಗುತ್ತದೆ. ಐದನೇ ಲೈನಿಗೆ 2005, ಅದರಲ್ಲಿ ತಪ್ಪಿರಲಿಲ್ಲ. ಕೇಬಲ್ ಹಾಳಾಗಿದೆಯೆಂದು ಅನುಮಾನಿಸಿ, ಅದನ್ನು ಬದಲಿಸಲು ಶಾಖೆಯ ಸಹೋದ್ಯೋಗಿಗೆ ಹೇಳುವುದರಲ್ಲಿದ್ದೆ.

ಅಷ್ಟರಲ್ಲಿ 2511ರಲ್ಲಿ ‘ಶೋ ಲೈನ್’ ಆದೇಶ ಕೊಟ್ಟು ನೋಡಿದರೆ, ಐದರ ಎಡಕ್ಕೆ ನಕ್ಷತ್ರ ಚಿಹ್ನೆಯಿತ್ತು, ಅಂದರೆ ಆ ಲೈನ್ ಬಳಕೆಯಲ್ಲಿತ್ತು. ಸ್ವಿಚ್ ಬೂಟ್ ಆಗುವಾಗ ಹೊರಹಾಕಿದ ಅಕ್ಷರಗಳನ್ನು ಕಂಡ 2511, ಯಾರೋ ಒಳಬರುತ್ತಿದ್ದಾರೆಂದು ತಿಳಿದು ಆ ಲೈನಿನಲ್ಲಿ ತನ್ನದೇ ಎಕ್ಸೆಕ್ ಪ್ರಕ್ರಿಯೆಯನ್ನು (ಆದೇಶಗಳನ್ನು ಸ್ವೀಕರಿಸುವ ಸೆಷನ್ನನ್ನು) ಆರಂಭಿಸಿತ್ತು. ಆಮೇಲೆ ಎರಡೂ ಪರಸ್ಪರ ಪ್ರಾಂಪ್ಟ್ (ಆದೇಶ ಕೇಳುವ ಸೂಚನೆ) ಕಳುಹಿಸುತ್ತ ಲೈನನ್ನು ಹಿಡಿದಿಟ್ಟುಕೊಂಡಿದ್ದವು. ಸಾಧನದಲ್ಲಿ ದೋಷವಿರಲಿಲ್ಲ, ಕಾನ್ಫಿಗರೇಶನ್‌ನಲ್ಲಿ ನಾವೇ ಒಂದು ಸಾಲನ್ನು ಬಿಟ್ಟಿದ್ದೆವು.

‘ಕ್ಲಿಯರ್ ಲೈನ್ 5’ ಕೊಟ್ಟು ಖಚಿತಪಡಿಸಿದೊಡನೆ ಸ್ವಿಚ್‌ನ ಪ್ರಾಂಪ್ಟ್ ಸಿಕ್ಕಿತು. ಆದರೆ ಅದು ತಾತ್ಕಾಲಿಕ ಪರಿಹಾರವಷ್ಟೇ ಆದ್ದರಿಂದ, 1ರಿಂದ 16ರವರೆಗಿನ ಎಲ್ಲ ಲೈನ್‌ಗಳಿಗೂ ಎಕ್ಸೆಕ್ ಆರಂಭವಾಗದಂತೆ ತಡೆಯುವ ‘ನೋ ಎಕ್ಸೆಕ್’ ಮತ್ತು ಟೆಲ್ನೆಟ್ ಸಂಪರ್ಕಕ್ಕೆ ಅವಕಾಶ ಕೊಡುವ ‘ಟ್ರಾನ್ಸ್‌ಪೋರ್ಟ್ ಇನ್‌ಪುಟ್ ಟೆಲ್ನೆಟ್’ ಸೇರಿಸಿ ಉಳಿಸಿದೆ. ಬಳಿಕ ಸ್ವಿಚ್ಚನ್ನು ಎರಡು ಬಾರಿ ರೀಬೂಟ್ ಮಾಡಿಸಿದಾಗಲೂ ಲೈನ್ ಮುಕ್ತವಾಗಿಯೇ ಇತ್ತು. 2511ರ ಒಳಗಿನಿಂದಲೇ ಲೈನ್ ತೆರೆದವರು ಕಂಟ್ರೋಲ್-ಶಿಫ್ಟ್-6, ನಂತರ ಎಕ್ಸ್ ಒತ್ತಿ ಹೊರಬಂದರೆ ಸೆಷನ್ ಮುಗಿಯುವುದಿಲ್ಲ. ‘ಡಿಸ್ಕನೆಕ್ಟ್’ ಕೊಡುವವರೆಗೂ ಆ ಲೈನ್ ಇತರರಿಗೆ ಸಿಗದು.